ಓಗುಡ್ಡಕ್ಕೆ ಆ ಹೆಸರು ಬಂದದ್ದು

ಹಿರೇಗುಂಡನಹಳ್ಳಿಯ ಬಡಗಣ ದಿಕ್ಕಿಗೆ ಬೋಳು ಬಂಡೆಗಳ ಗುಡ್ಡವೊಂದಿದೆ. ಬುಡದಲ್ಲಿ ಒಂದು ಹಾಳು ಮಂಟಪ, ನೆತ್ತಿಯಲ್ಲಿ ಬಂಡೆಯ ನಡುವೆ ತಾನಾಗಿ ನೀರು ನಿಂತ ಒಂದು ದೊಣೆ, ದೊಣೆಯ ಅಂಚಿಗೆ ಒಂದಕ್ಷರವೂ ಇಲ್ಲದ ಒಂದು ನಿಲುಗಲ್ಲು. ಈಚೆಗೆ ಯಾರೋ ಪುಣ್ಯಾತ್ಮರು ದಾರಿಯಲ್ಲಿ 'ಓಂಗುಡ್ಡ' ಎಂದು ಹಳದಿ ಬೋರ್ಡು ನೆಟ್ಟಿದ್ದಾರೆ. ಅಲ್ಲಿ ಯಾವ ಋಷಿಯೂ ಓಂಕಾರ ಜಪಿಸಲಿಲ್ಲ. ಅದು ಓಗುಡ್ಡ. ಕರೆದಾಗ ನಾವು 'ಓ' ಎನ್ನುತ್ತೇವಲ್ಲ, ಆ ಓ. ಒಂದು ಸೊನ್ನೆ ಸೇರಿಸಿದ ಮಾತ್ರಕ್ಕೆ ಪಾಪ ತೊಳೆದುಹೋಗುವುದಿದ್ದರೆ ಈ ಊರು ಎಂದೋ ಉದ್ಧಾರವಾಗುತ್ತಿತ್ತು.

ಹಿಂದೆ ಒಮ್ಮೆ, ಸರ್ಕಾರಿ ಶಾಲೆಯ ಹೆಸರೂ ಕೇಳದ ಕಾಲದಲ್ಲಿ, ಈ ಊರಿಗೆ ಒಬ್ಬ ಐಗಳು ಬಂದರಂತೆ. ಅಕ್ಷರ ಕಲಿಸುವವರನ್ನು ಈ ಸೀಮೆಯಲ್ಲಿ ಐಗಳು ಎನ್ನುತ್ತಾರೆ. ಬಂದಾಗ ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಮಂಟಪದಲ್ಲಿ ಮರಳು ಹರವಿ ಓದುಬರಹದ ಮಠ ಆರಂಭಿಸಿದವರು ಅಪ್ಪ, ಮಗ, ಮೊಮ್ಮಗ ಎಂದು ಮೂರು ತಲೆಮಾರಿನ ಬೆರಳು ಹಿಡಿದು ತಿದ್ದಿಸಿದರು. ಮದುವೆ ಮಾಡಿಕೊಳ್ಳಲಿಲ್ಲ, ಊರ ಮಕ್ಕಳೇ ತಮ್ಮ ಮಕ್ಕಳು ಎಂದುಕೊಂಡರು. ಅವರದು ಕಂಚಿನ ಕಂಠ. ಮಂಟಪದಲ್ಲಿ ನಿಂತು ಕರೆದರೆ ಜೋಳದ ಹೊಲದಲ್ಲಿ ಅವಿತ ಪೋರನಿಗೂ ಕೇಳುತ್ತಿತ್ತು. ಅವರದೊಂದೇ ಕಟ್ಟಳೆ: ಯಾರ ಹೆಸರನ್ನೂ ಎರಡನೆಯ ಸಲ ಕರೆಯುತ್ತಿರಲಿಲ್ಲ. "ಹೆಸರು ಅಂದ್ರ ಭಿಕ್ಷೆ ಅಲ್ಲಪ್ಪಾ, ಬಾಗಿಲ ಮುಂದ ನಿಂತು ಕೂಗ್ತಾನೇ ಇರಾಕ" ಎನ್ನುತ್ತಿದ್ದರಂತೆ. ಮೊದಲ ಕರೆಗೆ ಓ ಎನ್ನದವನಿಗೆ ಅಂದು ಮಠವಿಲ್ಲ.

ಹಾಲವ್ವ ಎಂಬ ಎಮ್ಮೆ ಕಾಯುವ ಹುಡುಗಿಗೆ ಕಂಬದ ಮರೆಯಲ್ಲಿ ನಿಂತು ಪಾಠ ಕೇಳುವ ಚಟವಿತ್ತು. ಒಂದು ದಿನ ಐಗಳು ಹುಡುಗರನ್ನೆಲ್ಲ ಕರೆದಾದ ಮೇಲೆ, ತಲೆಯೆತ್ತದೆ, "ಹಾಲವ್ವಾ" ಎಂದರು. ಮನೆಯಲ್ಲಿ ಅವಳನ್ನು 'ಏ ಇವಳೇ' ಎನ್ನುತ್ತಿದ್ದರೇ ಹೊರತು ಹೆಸರು ಹಿಡಿದು ಕರೆದವರಿಲ್ಲ. ಅವಳು ಒಂದೇ ಉಸಿರಿಗೆ "ಓ" ಎಂದು ಒಳಗೆ ಬಂದು ಕುಳಿತಳು. ಆ ಸೀಮೆಯಲ್ಲಿ ಅಕ್ಷರ ಕಲಿತ ಮೊದಲ ಹೆಣ್ಣು ಅವಳೇ ಎನ್ನುತ್ತಾರೆ. ಮುಂದೆ ಅದೇ ಊರಿನಲ್ಲಿ ಮದುವೆಯಾಗಿ ತಾಯಿಯೂ ಆದಳು.

ಕಣ್ಣು ಮಂಜಾಗಿ ಐಗಳು ಬೆತ್ತ ಕೆಳಗಿಟ್ಟ ದಿನ ಊರೆಲ್ಲ ಸೇರಿ ಕಂಬಳಿ ಹೊದಿಸಿತು. ಅವರ ಮೊದಲ ಶಿಷ್ಯ ಕೊಟ್ರಗೌಡ, ಇನ್ನು ದಿನಕ್ಕೊಂದು ಮನೆಯಿಂದ ರೊಟ್ಟಿ, ನೀರು ಮಂಟಪಕ್ಕೇ ಬರುತ್ತದೆಂದು ಮಾತು ಕೊಟ್ಟ. ಕೆಲವು ವರ್ಷ ಬಂತು ಕೂಡ. ಆಮೇಲೆ ಊರಿಗೆ ಮಾರಿಬೇನೆ ಬಿತ್ತು. ಮಾರಿ ಬಲ್ಲವರ ದನಿಯಲ್ಲಿ ಒಂದೇ ಸಲ ಕರೆಯುತ್ತಾಳೆ, ಓ ಎಂದರೆ ಮನೆ ಗುಡಿಸಿಹೋಗುತ್ತದೆ, ಎರಡನೆಯ ಸಲ ಕರೆದರೆ ಮಾತ್ರ ಮನುಷ್ಯರು ಎಂಬುದು ಎಲ್ಲರ ನಂಬಿಕೆ. ಬಾಗಿಲುಗಳು ಮುಚ್ಚಿದವು. ಬಾಗಿಲು ಮುಚ್ಚಿದಾಗ ಸರದಿಯೂ ಮುಚ್ಚಿತು. ಇವರು ತಂದಾರು, ಅವರು ತಂದಾರು ಎಂದು ಎಲ್ಲರೂ ಸುಮ್ಮನಾದರು. ಬಾಯಾರಿದ ಮುದುಕ ಬಂಡೆ ತಡವುತ್ತ ದೊಣೆಯ ಕಡೆಗೆ ತಾನೇ ಹತ್ತಿದ.

ಅಮಾವಾಸ್ಯೆಯ ಮಟಮಟ ಮಧ್ಯಾಹ್ನ ಗುಡ್ಡದಿಂದ "ಕೊಟ್ರಗೌಡಾ" ಎಂಬ ಕೂಗು ಕೇಳಿತು. ಗೌಡರ ಮನೆಯ ಅಗಳಿ ಅಲುಗಲಿಲ್ಲ. ಸ್ವಲ್ಪ ತಡೆದು ಇನ್ನೊಂದು ಹೆಸರು, ಮತ್ತೊಂದು ಹೆಸರು, ಮಠದಲ್ಲಿ ಕರೆಯುತ್ತಿದ್ದ ಅದೇ ಸಾಲಿನಲ್ಲಿ. ಹಾಲವ್ವ ಜ್ವರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಕೊನೆಗೆ ಅವಳ ಹೆಸರೂ ಬಂತು. ಬಾಯಿ ತಾನಾಗಿ ತೆರೆಯಿತು. ಅತ್ತೆ ಅಂಗೈ ಅಡ್ಡ ಹಿಡಿದಳು.

"ಸುಮ್ಕಿರು. ಎಲ್ಡನೇ ಸಲ ಕರದ್ರ ಹೋಗುವಂತಿ."

"ಅತ್ತಿ, ಐಗಳು ಎಲ್ಡನೇ ಸಲ ಕರಿಯಂಗಿಲ್ಲ."

"ಮಾರಿನೂ ಕರಿಯಂಗಿಲ್ಲ."

ಹಾಲವ್ವ ಕೂಸಿನ ಮುಖ ನೋಡಿದಳು. ಬಾಯಿ ಮುಚ್ಚಿದಳು. ಅದು ಐಗಳ ದನಿಯೇ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿದಳು. ಗುಡ್ಡ ಮತ್ತೆ ಕರೆಯಲಿಲ್ಲ.

ಕೂಸು ಬದುಕಿತು. ಮಾರಿಯನ್ನು ಗಡಿ ದಾಟಿಸಿದ ಮೇಲೆ ಜನ ಗುಡ್ಡ ಹತ್ತಿದರು. ಐಗಳ ಕಾಲು ಬಂಡೆಯ ಸೀಳಿನಲ್ಲಿ ಸಿಕ್ಕಿತ್ತು. ಚಾಚಿದ ಕೈಗೂ ನೀರಿಗೂ ನಡುವೆ ಒಂದು ಗೇಣು ಉಳಿದಿತ್ತು. ಐಗಳು ಸಿದ್ಧಿ ಹೊಂದಿದರೆಂದು ಗೌಡ ಸಾರಿದ. ಊರು ಕಲ್ಲು ನಿಲ್ಲಿಸಿ ಹೋಳಿಗೆ ಮಾಡಿತು. ಬದುಕಿದ್ದಾಗ ನೀರಿಲ್ಲ, ಸತ್ತ ಮೇಲೆ ತುಪ್ಪ. ಪಂಕ್ತಿಯ ನಡುವೆ ಹಾಲವ್ವ ಎದ್ದು, "ಗೌಡ್ರೇ, ಮೊದ್ಲು ಕರದದ್ದು ನಿಮ್ಮ ಹೆಸರು. ಕೇಳಲಿಲ್ಲೇನು?" ಎಂದಳು. ಗೌಡ ಎಲೆಯಿಂದ ತಲೆಯೆತ್ತದೆ, "ಕಡೀಗೆ ಕರದದ್ದು ನಿನ್ನ ಹೆಸರಲ್ಲೇನವ್ವ?" ಎಂದ. ಹೋಳಿಗೆಯನ್ನಂತೂ ಯಾರೂ ಬಿಡಲಿಲ್ಲ.

ಅಂದಿನಿಂದ ಹಾಲವ್ವ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ದೊಣೆಯ ಬಳಿ ನಿಂತು ಒಂದೇ ಸಲ "ಓ" ಎನ್ನುತ್ತಿದ್ದಳಂತೆ. ಗುಡ್ಡ ಅದನ್ನೇ ಅವಳಿಗೆ ಹಿಂದಿರುಗಿಸುತ್ತಿತ್ತು. ಮುಪ್ಪಿನಲ್ಲಿ ಕೋಲೂರಿಯೂ ಹತ್ತಿದಳು. ಗುಡ್ಡಕ್ಕೆ ಹೆಸರು ಬಂದದ್ದು ಹಾಗೆ.

ಈಗಲೂ ಭಾನುವಾರದಂದು ಜನ ಬರುತ್ತಾರೆ. ತಮ್ಮ ತಮ್ಮ ಹೆಸರು ಕೂಗಿ, ಗುಡ್ಡ ಮರಳಿ ಕೂಗುವುದನ್ನು ಕೇಳಿ ನಗುತ್ತಾರೆ. ನಿಲುಗಲ್ಲು ಯಾಕೆ ಬೋಳಾಗಿದೆ ಎಂದು ಕೇಳುವವರೂ ಉಂಟು. ಕೆತ್ತಲು ಕಲ್ಲುಕುಟಿಗ ಬಂದಿದ್ದ. ಉಳಿ ಹಿಡಿದು, ಐಗಳ ಹೆಸರೇನೆಂದು ಕೇಳಿದ. ಮೂರು ತಲೆಮಾರು ಅವರಿಂದ ಅಕ್ಷರ ಕಲಿತ ಊರಿನ ಜನ ಒಬ್ಬರ ಮುಖ ಒಬ್ಬರು ನೋಡಿದರು. ಅದು ಯಾರಿಗೂ ಗೊತ್ತಿರಲಿಲ್ಲ.