ಸೂಲಗಿತ್ತಿ ಕರೆದ ಹೆಸರು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಯುದ್ಧದಲ್ಲಿ ನಮ್ಮೂರಿನ ದೇವರ ದೀಪ ಆರಿಸಿದವರಲ್ಲಿ ಒಬ್ಬ ನಿನ್ನೆ ನಮ್ಮ ಮನೆಗೆ ಬಂದು ನೀರು ಕೇಳಿದ. ಅವ್ವ ಕೊಟ್ಟಳು. ನನಗೆ ನಾಚಿಕೆಯಾಯಿತು. ಕ್ಷಮಿಸುವುದೆಂದರೆ ಸೋತೆವೆಂದು ಒಪ್ಪಿಕೊಂಡಂತಲ್ಲವೇ?”

ಗುರು ಹೇಳಿದರು:

ಒಂದು ಸೀಮೆಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಆ ಸೀಮೆಯನ್ನು ಹೊರಗಿನ ಅರಸನೊಬ್ಬ ಗೆದ್ದ. ಅವನ ದಳವಾಯಿ ದಂಡು ಕಟ್ಟಿಕೊಂಡು ಮನೆಮನೆಯ ಬಾಗಿಲಿಗೆ ಹೋದ. “ಇಂದಿನಿಂದ ನಮ್ಮ ದೇವರೇ ನಿಮ್ಮ ಮನೆದೇವರು. ಅವನ ಹೆಸರು ಹೇಳಿ. ನಿಮ್ಮ ದೇವರ ಹೆಸರು ಇನ್ನು ಯಾರ ಬಾಯಲ್ಲೂ ಬರಕೂಡದು” ಎಂದ. ಜನ ಕತ್ತಿ ನೋಡಿದರು, ಹೆಸರು ಹೇಳಿದರು. ಅವರನ್ನು ಹಳಿಯಬೇಡ. ಅವರಿಗೂ ಮಕ್ಕಳಿದ್ದರು.

ಸೂಲಗಿತ್ತಿ ಹೊಸ್ತಿಲ ಮೇಲೆ ನಿಂತು, “ನಮ್ಮ ಮನೆಯಲ್ಲಿ ಆಗಲೇ ಒಬ್ಬನಿದ್ದಾನೆ” ಎಂದಳು.

“ಮಾತು ಕೇಳದ ಕಿವಿ ನಿನಗೇಕೆ?” ಎಂದು ದಳವಾಯಿ ಅವಳ ಬಲಗಿವಿಯನ್ನು ಕೊಯ್ದ. ಅವಳು ಆಗಲೂ ಹೇಳಲಿಲ್ಲ. ನೋಡುವವರು ಹೆದರಲು ಇಷ್ಟು ಸಾಕೆಂದು ಅವನು ಮುಂದಿನ ಮನೆಗೆ ನಡೆದ.

ಗಾಯ ಮಾಗಿದ ಮೇಲೆ ನೆರೆಯವಳು, “ಒಂದು ಹೆಸರು ಅಂದಿದ್ದರೆ ಎರಡು ಓಲೆ ಹಾಕಿಕೊಂಡು ತಿರುಗಬಹುದಿತ್ತಲ್ಲೇ” ಎಂದು ಹಂಗಿಸಿದಳು.

“ಉಳಿದ ಓಲೆ ನೀನೇ ತಗೋ. ಭಾರ ಕಡಿಮೆಯಾದರೆ ತಲೆ ಎತ್ತಿ ನಡೆಯಲು ಇನ್ನೂ ಸುಲಭ” ಎಂದಳು ಸೂಲಗಿತ್ತಿ. ಓಲೆ ಬಿಚ್ಚಿ ಕೊಟ್ಟೂ ಬಿಟ್ಟಳು.

ವರ್ಷ ಕಳೆಯಿತು. ಕೋಟೆಯಲ್ಲಿ ದಳವಾಯಿಯ ಹೆಂಡತಿಗೆ ನೋವು ಬಂದು ಎರಡು ದಿನವಾದರೂ ಹೆರಿಗೆಯಾಗಲಿಲ್ಲ. ಕೋಟೆಯ ಹೆಂಗಸರು ಕೈಚೆಲ್ಲಿದರು. ಸೂಲಗಿತ್ತಿಯನ್ನು ಗಂಡನೇ ಬಂದು ಕರೆಯಬೇಕೆಂಬುದು ಆ ಸೀಮೆಯ ರೂಢಿ. ದಳವಾಯಿ ಕತ್ತಿಯಿಲ್ಲದೆ ಬಂದು ಅದೇ ಹೊಸ್ತಿಲ ಮುಂದೆ ನಿಂತ. ತಲೆ ತಗ್ಗಿಸಿ, “ಬಾ” ಎಂದು ಕರೆದ. ಅವಳು “ಮುಂದೆ ನಡೆ” ಎಂದು ತನ್ನ ಬಟ್ಟೆಗಂಟು ಎತ್ತಿಕೊಂಡಳು.

ಮಧ್ಯಾಹ್ನಕ್ಕೆ ಹೆಣ್ಣುಕೂಸು ಹುಟ್ಟಿತು. ಅಳಲಿಲ್ಲ. ಅಲ್ಲಿ ಇನ್ನೊಂದು ರೂಢಿಯಿತ್ತು: ಅಳದ ಕೂಸಿನ ಬಲಗಿವಿಯಲ್ಲಿ ಸೂಲಗಿತ್ತಿ ಮನೆದೇವರನ್ನು ಮೂರು ಸಲ ಕೂಗಿ ಕರೆಯಬೇಕು. ದಳವಾಯಿ ಬಾಗಿಲ ಹೊರಗೆ ನಿಂತಿದ್ದ. ಅವಳ ಬಾಯಲ್ಲಿ ಅವಳ ದೇವರ ಹೆಸರೇ ಬರುವುದೆಂದು ಅವನು ಎಣಿಸಿದ್ದ. ಆ ಹೆಸರನ್ನು ಅಡಗಿಸಲು ಅವನು ಕಿವಿ ಕೊಯ್ದಿದ್ದ. ಈಗ ಯಾವ ಹೆಸರಾದರೂ ಬರಲಿ, ಕೂಸು ಅತ್ತರೆ ಸಾಕೆಂದು ಹಲ್ಲು ಕಚ್ಚಿ ನಿಂತ.

ಅವಳು ಕೂಸಿನ ಅಂಗಾಲು ಉಜ್ಜಿ, ಬಾಗಿ, ದಳವಾಯಿಯ ದೇವರ ಹೆಸರನ್ನು ಕೂಗಿ ಕರೆದಳು. ಮೂರನೆಯ ಸಲಕ್ಕೆ ಕೂಸು ಅತ್ತಿತು.

ಅವಳು ಹೊರಗೆ ಬಂದಾಗ ದಳವಾಯಿ, “ತಾಯಿ, ಕತ್ತಿಗೆ ಹೇಳದ ಹೆಸರನ್ನು ಈಗ ಹೇಗೆ ಹೇಳಿದೆ?” ಎಂದ.

“ಅಂದು ನೀನು ನಿಂತಿದ್ದು ನನ್ನ ಬಾಗಿಲಲ್ಲಿ. ಇದು ನಿನ್ನ ಮನೆ. ನಿನ್ನ ಮಗಳಿಗಾಗಿ ನಿನ್ನ ದೇವರನ್ನಲ್ಲದೆ ಇನ್ನಾರನ್ನು ಕರೆಯಲಿ? ನಾನು ಕೆಲಸ ಬಲ್ಲವಳು.”

“ಹಾಗಾದರೆ ನನ್ನನ್ನು ಕ್ಷಮಿಸಿದೆಯಾ?”

“ಗಂಟು ಎತ್ತಿಕೊಂಡಾಗಲೇ ಕ್ಷಮಿಸಿದೆ. ಸಿಟ್ಟಿದ್ದರೆ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ನಾನು ಯಾರ ಕೂಸನ್ನೂ ಹಿಡಿಯುವುದಿಲ್ಲ.”

ಅವಳು ಕೈ ತೊಳೆದು ಹೊರಟಳು. ಹೆರಿಗೆ ಸುಸೂತ್ರವಾದರೆ ತನ್ನ ದೇವರ ಹೆಸರು ಹೇಳಿ ಮನೆಗೆ ಮರಳುವುದು ಅವಳ ಅಭ್ಯಾಸ. ಕೋಟೆಯ ಬಾಗಿಲಲ್ಲಿ ನಿಂತು ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಕಾವಲುಗಾರರು ತಿರುಗಿ ದಳವಾಯಿಯ ಮುಖ ನೋಡಿದರು. ದಳವಾಯಿ ಅವಳಿಗೆ ಕೈ ಮುಗಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಕಡೆಗೂ ಅವನ ದೇವರ ಹೆಸರನ್ನು ಹೇಳಿಯೇ ಬಿಟ್ಟಳಲ್ಲ ಗುರುಗಳೇ. ಹಾಗಿದ್ದರೆ ಆ ಕಿವಿ ಸುಮ್ಮನೆ ಹೋದಂತಾಯಿತಲ್ಲವೇ?” ಎಂದ.

ಗುರು ಹೇಳಿದರು: “ಕಿವಿ ತೆತ್ತು ಉಳಿಸಿಕೊಂಡ ನಾಲಿಗೆಯಪ್ಪ ಅದು, ಅದರ ಮೇಲೆ ಯಾವ ಹೆಸರು ಬಂದರೂ ಅಪ್ಪಣೆ ಅವಳದೇ.”