ಪಾಲಕ್ಕನ ಆಮೆದೊಡ್ಡಿ

ಯಾವ ಕಾಲದ್ದು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು. ಬಹಳ ಹಿಂದೆ, ಕಲ್ಲುಗುಡ್ಡದ ಬುಡದಲ್ಲಿ ಒಂದು ಊರು, ಆ ಊರಲ್ಲಿ ಪಾಲಕ್ಕ ಅನ್ನೋ ಹೆಂಗಸಿದ್ದಳಂತೆ. ಗಂಡ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ. ಗಂಡನ ತಂಗಿ ಬೋರಕ್ಕನೂ ಇವಳೂ ಒಂದೇ ಗುಡಿಸಲಲ್ಲಿದ್ದರು. ಪಾಲಕ್ಕನ ಕಸುಬು ಊರವರ ದನಕ್ಕೆ ಹುಲ್ಲು ಕುಯ್ಯೋದು. ಬೆಳಗ್ಗೆ ಕುಡುಗೋಲು ಹಿಡಿದು ಹೋದರೆ ಸಂಜೆಗೆ ಹೊರೆ ಹೊತ್ತು ಬರೋಳು. ಹೊತ್ತೂ ಹೊತ್ತೂ ಕತ್ತು ಬಗ್ಗಿ, ಅವಳು ಆಕಾಶ ನೋಡೋದನ್ನೇ ಮರೆತಿದ್ದಳು ಅಂತಾರೆ. ನಿಜವೋ ಸುಳ್ಳೋ, ಹಾಗೆ ಅಂತಾರೆ.

ಒಂದು ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ಜಿಂಕೆ ಓಡಿದವು, ಮೊಲ ಓಡಿದವು. ಓಡೋಕೆ ಬರದವು ಆಮೆಗಳು. ಬೆನ್ನ ಮೇಲೆ ನಕ್ಷತ್ರ ಬರೆದ ಹಾಗಿರೋ ನೆಲದಾಮೆಗಳು, ನೀವೂ ನೋಡಿರ್ತೀರಿ. ಬೆಂಕಿ ಆರಿದ ಮೇಲೆ ಹುಲ್ಲು ಹುಡುಕಿಕೊಂಡು ಹೋದ ಪಾಲಕ್ಕನಿಗೆ ಹುಲ್ಲು ಸಿಗಲಿಲ್ಲ, ಬಂಡೆ ಸಂದಿಯಲ್ಲಿ ಜೀವ ಹಿಡಿದುಕೊಂಡ ಆಮೆಗಳು ಸಿಕ್ಕವು. ಬುಟ್ಟಿಗೆ ಹಾಕಿಕೊಂಡು ಬಂದಳು.

ಊರವರು ನಕ್ಕರಂತೆ. ತನಗೇ ತಿನ್ನೋಕಿಲ್ಲ, ಆಮೆ ಸಾಕ್ತಾಳಂತೆ ಅಂದರಂತೆ. ಬೋರಕ್ಕನೂ ರೇಗಿದಳು.

“ಯಾಕತ್ತಿಗೆ ಈ ಉಸಾಬರಿ? ನಿಂಗೆ ಮೈಯಲ್ಲಿ ಕಸುವೆಲ್ಲೈತೆ?”

“ಕೂಗೋ ಪ್ರಾಣಿಯಾದ್ರೆ ಯಾರಾದ್ರೂ ಬರ್ತಾರೆ ಕಣೆ. ಇವಕ್ಕೆ ಕೂಗೋಕೇ ಬರಲ್ಲ,” ಅಂದಳಂತೆ ಪಾಲಕ್ಕ. ಅಷ್ಟೇ ಅಂದಿದ್ದು.

ಗುಡಿಸಲ ಹಿಂದೆ ಕಲ್ಲು ಜೋಡಿಸಿ ಒಂದು ದೊಡ್ಡಿ ಕಟ್ಟಿದಳು. ಮೆತ್ತಗಿರಲಿ ಅಂತ ಹಳ್ಳದ ಮರಳು ತಂದು ಸುರಿದಳು. ಆಮೆಗಳು ಮೇವಿನ ಜತೆ ಮರಳನ್ನೂ ನುಂಗಿದವು. ಹೊಟ್ಟೆ ಕಟ್ಟಿ ಒಂದು ಸತ್ತಿತು. ಮರಳೆಲ್ಲ ಬಳಿದು ಹೊತ್ತು ಆಚೆ ಹಾಕಿದಳು. ಒಣಹುಲ್ಲು ಹಾಸಿದಳು. ಅದು ತೇವಕ್ಕೆ ಬೂಷ್ಟು ಹಿಡಿಯಿತು, ಆಮೆಗಳ ಮೂಗು ಸೋರಿತು, ಇನ್ನೊಂದು ಸತ್ತಿತು. ಅದನ್ನೂ ಬಳಿದು ಹಾಕಿದಳು. ದನಕ್ಕೆ ಹಾಕೋ ಹುಲ್ಲೇ ಹಾಕಿದಳು. ಅದರಲ್ಲಿದ್ದ ಊಬು ಸೂಜಿಯ ಹಾಗೆ ಒಂದರ ಕಣ್ಣಿಗೆ ಚುಚ್ಚಿತು. ಅವತ್ತು ದೊಡ್ಡಿಯ ಕಲ್ಲಿಗೆ ಒರಗಿ ಕೂತಳಂತೆ. ಅಳಲೂ ಇಲ್ಲ. ಸಾಕಾಗಿಹೋಗಿತ್ತು ಅವಳಿಗೆ.

ಆಮೇಲೆ ಏನು ಮಾಡಿದಳು ಗೊತ್ತೇ? ಇದ್ದುದರಲ್ಲಿ ದೊಡ್ಡ ಆಮೆಯನ್ನ ಎತ್ತಿಕೊಂಡು, ಬೆಂಕಿ ಮುಟ್ಟದ ಕೆರೆಯಂಗಳಕ್ಕೆ ಹೋಗಿ ನೆಲಕ್ಕೆ ಬಿಟ್ಟಳು. ಅದರ ಹಿಂದೆ ನಡೆದಳು. ಅದು ನಿಂತರೆ ನಿಂತಳು, ಅದು ಹೊರಟರೆ ಹೊರಟಳು. ಎಷ್ಟು ನಿಧಾನ ನಡೆದಳು ಅಂದರೆ ಕಾಗೆ ಬಂದು ಅವಳ ಹೆಗಲ ಮೇಲೆ ಕೂತಿತ್ತು ಅಂತಾರೆ. ಆಮೆ ಗರಿಕೆ ಕಂಡಲ್ಲಿ ಬಾಯಿ ಹಾಕಿತು. ಊಬಿನ ಹುಲ್ಲು ಬಿಟ್ಟು ಸುತ್ತಿಕೊಂಡು ಹೋಯಿತು. ಬಿಸಿಲೇರಿದಾಗ ಪೊದೆಯ ಬುಡದಲ್ಲಿ, ತರಗು ಬೆರೆತ ಕೆಮ್ಮಣ್ಣನ್ನ ಕಾಲಲ್ಲಿ ಕೆದರಿ, ಅದರೊಳಗೆ ಅರ್ಧ ಮೈ ಹೂತು ಮಲಗಿತು. ಪಾಲಕ್ಕನೂ ಪಕ್ಕದಲ್ಲೇ ಮಲಗಿಬಿಟ್ಟಳಂತೆ. ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಬಂತಂತೆ.

ಮಾರನೆಯ ದಿನದಿಂದ ಬೇಲಿಬುಡದ ಕೆಮ್ಮಣ್ಣು ಹೊತ್ತಳು. ಜರಡಿ ಹಿಡಿದು ಚೂಪುಗಲ್ಲು ತೆಗೆದಳು. ತರಗು ಬೆರೆಸಿ ದಪ್ಪಗೆ ಹಾಸಿದಳು. ಒಂದು ಮೂಲೆಗೆ ನೀರು ಚಿಮುಕಿಸಿ ತಣ್ಣಗಿಟ್ಟಳು, ಉಳಿದದ್ದನ್ನ ಒಣಗಲು ಬಿಟ್ಟಳು. ಗರಿಕೆಯನ್ನ ಬೇರುಸಮೇತ ತಂದು ನೆಟ್ಟಳು. ಆಮೆಗಳು ಚೇತರಿಸಿಕೊಂಡವು. ಪಾಲಕ್ಕ ಮಾತ್ರ ಸೊರಗಿದಳು. ದನದ ಹೊರೆ ಬೇರೆ, ಆಮೆಯ ಹೊರೆ ಬೇರೆ.

ಬೋರಕ್ಕ ಇದನ್ನೆಲ್ಲ ದಿನಾ ನೋಡ್ತಿದ್ದಳು. ಒಂದು ದಿನ ಅತ್ತಿಗೆ ಜ್ವರ ಬಂದು ಮಲಗಿದ್ದಾಗ, ಎಬ್ಬಿಸೋದು ಬೇಡ ಅಂತ ತಾನೇ ಬಾವಿಯ ಹತ್ತಿರ ಹೋಗಿ ಹಸಿರು ಕೊಯ್ದು ತಂದು ದೊಡ್ಡಿಗೆ ಹಾಕಿದಳು. ಬಾವಿಯ ಸುತ್ತ ಕಣಗಿಲೆ ಬೇಲಿ. ಹುಲ್ಲಿನ ಜತೆ ಕಣಗಿಲೆ ಎಲೆಯೂ ಬಂದಿತ್ತು, ಅವಳಿಗೆ ತಿಳಿಯಲಿಲ್ಲ. ವಿಷ ಅದು. ಸಂಜೆಗೆ ಅರ್ಧಕ್ಕರ್ಧ ಆಮೆಗಳು ಕತ್ತು ಚೆಲ್ಲಿ ಬಿದ್ದಿದ್ದವು. ದೊಡ್ಡದೂ ಹೋಗಿತ್ತು.

ಬೋರಕ್ಕ ಎದೆ ಬಡಿದುಕೊಂಡಳು. “ಒಂದಿನ ನೀನು ಮಲಗ್ಲಿ ಅಂತ ಹಾಕ್ದೆ ಅತ್ತಿಗೆ. ನನ್ನ ಕೈ ಸೇದೋಗ್ಲಿ.”

ಪಾಲಕ್ಕ ಜ್ವರದಲ್ಲೇ ಎದ್ದು ಬಂದಳು. ಸತ್ತವನ್ನ ಒಂದೊಂದಾಗಿ ಎತ್ತಿ ನೋಡಿದಳು. ಬಯ್ಯುತ್ತಾಳೆ ಅಂತ ಬೋರಕ್ಕ ಕಾದಳು, ಬಯ್ಯಲಿಲ್ಲ.

“ನಂಗೋಸ್ಕರ ತಾನೆ ಹಾಕಿದ್ದು,” ಅಂದಳು. “ಹೇಳಿಕೊಡದೆ ಇದ್ದೋಳು ನಾನು. ಬಾ, ಗುಂಡಿ ತೆಗಿ. ನನ್ನ ಕೈಲಿ ಆಗಲ್ಲ.”

ಇಬ್ಬರೂ ಸೇರಿ ಹೂತರು. ಜ್ವರ ಬಿಟ್ಟ ಮೇಲೆ ನಾದಿನಿಯನ್ನ ಕೆರೆಯಂಗಳಕ್ಕೆ ಕರೆದುಕೊಂಡು ಹೋಗಿ ಉಳಿದವುಗಳಲ್ಲಿ ಒಂದು ಆಮೆಯ ಹಿಂದೆ ನಡೆಸಿದಳಂತೆ. ಅಲ್ಲಿಂದ ಮುಂದೆ ಹೊರೆ ಎರಡು ತಲೆಗಳ ಮೇಲೆ ಬಂತು.

ಮಳೆಯಾಯಿತು. ಗುಡ್ಡ ಮತ್ತೆ ಹಸಿರಾಯಿತು. ಆಮೆಗಳನ್ನ ಬಿಟ್ಟುಬರೋಕೆ ಇಬ್ಬರೂ ಹೊರಟರು. ಆಮೆಗಳು ಪಾಲಕ್ಕನ ಹಿಂದೆ ಸಾಲಾಗಿ ನಡೆದವು ಅಂತ ಹಾಡು ಕಟ್ಟಿದವರಿದ್ದಾರೆ. ನಮ್ಮಜ್ಜಿ ಮಾತ್ರ, ಇಲ್ಲ, ಬುಟ್ಟಿಯಲ್ಲೇ ಹೊತ್ತರು, ಕತ್ತು ಬಹಳ ನೋಯ್ತಿತ್ತಂತೆ, ಅಂತಿದ್ದರು. ಬಿಟ್ಟ ಕೂಡಲೇ ಅವು ಗರಿಕೆಗೆ ಬಾಯಿ ಹಾಕಿದವು. ಒಂದೂ ತಿರುಗಿ ನೋಡಲಿಲ್ಲ. ಆಮೆ ಯಾಕೆ ತಿರುಗಿ ನೋಡುತ್ತೆ?

ಇಳಿದು ಬರುವಾಗ ದಾರಿಯ ಹೊಂಗೆಮರದ ಕೆಳಗೆ ಪಾಲಕ್ಕ ಕೂತಳು. “ಸ್ವಲ್ಪ ಒರಗ್ತೀನಿ ಕಣೆ,” ಅಂದಳು. ದಾರಿಹೋಕರು ಬಂದು, ಯಾಕಮ್ಮ ಹೀಗೆ ಮಲಗಿದ್ದಾರೆ ಅಂತ ಕೇಳಿದರೆ ಬೋರಕ್ಕ ಬಾಯಿ ಮೇಲೆ ಬೆರಳಿಟ್ಟಳಂತೆ. ಹೊತ್ತು ಇಳಿದ ಮೇಲೆ ಕೈ ಮುಟ್ಟಿ ನೋಡಿದಳು. ತಣ್ಣಗಿತ್ತು.

ಇವತ್ತಿಗೂ ಆ ಕಡೆಯ ಊರುಗಳಲ್ಲಿ, ಹೊರೆ ಇಳಿಸಿ ಮರದ ಕೆಳಗೆ ಒರಗಿದ ಹೆಂಗಸನ್ನ ಯಾರೂ ಎಬ್ಬಿಸೋದಿಲ್ಲ. ಆ ದಾರಿಯಲ್ಲಿ ಬಂದವರು ಯಾರಾದರಾಗಲಿ, ಸದ್ದು ಮಾಡದೆ ಅವಳ ಹೊರೆಯನ್ನ ತಮ್ಮ ತಲೆಗೆ ಎತ್ತಿಕೊಳ್ಳುತ್ತಾರೆ. ಅವಳ ಮನೆಬಾಗಿಲಲ್ಲಿ ಇಳಿಸಿ, ತಮ್ಮ ಪಾಡಿಗೆ ತಾವು ಹೋಗುತ್ತಾರೆ.