ಸರ್ವಮಂಗಳೆ ನೋಡಿದ ಕೊಳ

ಆಶ್ರಮದ ಹಿತ್ತಿಲಲ್ಲಿ ವಾಮದೇವನು ಕೊಳ ತೋಡಿದ್ದು ಗುರುಗಳ ಅಪ್ಪಣೆಯಿಂದಲ್ಲ. ಪೂಜೆಯ ಹೂಗಿಡಗಳಿಗೆಂದು ನದಿಯಿಂದ ನೀರು ಹೊತ್ತು ಹೊತ್ತು ಅವನ ಭುಜ ಸೋತಿತ್ತು. ಮಳೆಯ ನೀರು ನಿಂತರೆ ಸಾಕೆಂದು ಒಂದು ಗುಂಡಿ ತೆಗೆದ, ಅಷ್ಟೆ.

ಮೊದಲ ವರ್ಷ ನೀರು ನಿಲ್ಲಲಿಲ್ಲ. ದಂಡೆಯಿಂದ ಜೇಡಿಮಣ್ಣು ತಂದು ತಳಕ್ಕೆ ಬಳಿದು, ಕಾಲಿನಿಂದ ತುಳಿದು ಗಟ್ಟಿ ಮಾಡಿದ; ಇಳಿಜಾರಿನ ಕಡೆಗೆ ಮಣ್ಣಿನ ಏರಿ ಕಟ್ಟಿದ. ಮರುವರ್ಷ ನಿಂತಿತು.

ನೀರು ನಿಂತ ಮೇಲೆ ಕಪ್ಪೆಗಳು ಬಂದವು. ಅವುಗಳನ್ನು ಯಾರೂ ಕರೆದಿರಲಿಲ್ಲ.

ಕಪ್ಪೆಗಳ ಹಿಂದೆ ನೀರುಹಾವು ಬಂತು. ಗಾಜಿನಂಥ ರೆಕ್ಕೆಯ ಚಿಟ್ಟೆಗಳು ಬಂದು ಆಪುಹುಲ್ಲಿನ ತುದಿಯಲ್ಲಿ ತೂಗಿದವು. ವಾಮದೇವನು ನದಿಯಿಂದ ಬೆರಳುದ್ದದ ಮೀನುಗಳನ್ನು ತಂಬಿಗೆಯಲ್ಲಿ ತಂದು ಬಿಟ್ಟ. ಮೀನಿನ ಸುದ್ದಿ ಕೊಕ್ಕರೆಗೆ ಹೇಗೋ ತಿಳಿಯಿತು.

ಗುರುಗಳಾದ ವಿಮಲಬೋಧರಿಗೆ ವಯಸ್ಸಾಗಿತ್ತು. ಸಂಜೆ ಜಗುಲಿಯ ಮೇಲೆ ಕುಳಿತು ಕೇಳುತ್ತಿದ್ದರು:

"ಇಂದು ಯಾರು ಬಂದಿದ್ದರು?"

"ಮಿಂಚುಳ್ಳಿ ಬಂದಿತ್ತು, ಗುರುಗಳೇ. ನಡುನೀರಿನಲ್ಲಿ ನಾನು ನೆಟ್ಟ ಬಿದಿರಿನ ಗಳುವಿನ ಮೇಲೆ ಕುಳಿತಿತ್ತು."

"ನೀನು ನೆಟ್ಟದ್ದೆಂದು ಅದಕ್ಕೆ ತಿಳಿದಿತ್ತೇ?"

"ಇಲ್ಲ."

"ಸದ್ಯ, ನೀನು ಹೇಳಲಿಲ್ಲವಲ್ಲ."

ವಾಮದೇವ ನಗುತ್ತಿದ್ದ. ಆಶ್ರಮಕ್ಕೆ ಬಂದ ಹೊಸತರಲ್ಲಿ ಅವನು ನಗುತ್ತಿರಲಿಲ್ಲ. ಜಪ ಮುಗಿದರೂ ಕಣ್ಣು ತೆರೆಯುತ್ತಿರಲಿಲ್ಲ. ಈಗ ಜಪ ಮುಗಿಯುವ ಮೊದಲೇ ಅವನ ಕಿವಿ ಹಿತ್ತಿಲ ಕಡೆ ಹೋಗುತ್ತಿತ್ತು.

ಒಂದು ದಿನ ಅವನು ಊಟಕ್ಕೆ ಬರಲಿಲ್ಲ.

"ಏಕೆ?" ಎಂದರು ಗುರುಗಳು.

"ನೀರುಕೋಳಿಯ ಮರಿಯನ್ನು ಮುಂಗುಸಿ ಒಯ್ದಿತು."

"ಅಳು ಬಂತೇ?"

"ಬಂತು."

"ಇದಕ್ಕೆ ಹಿಂದೆ ಯಾವಾಗ ಬಂದಿತ್ತು?"



"ನೆನಪಿಲ್ಲ, ಗುರುಗಳೇ."



ಅವನು ಮನೆ ಬಿಟ್ಟು ಏಳು ವರ್ಷವಾಗಿತ್ತು. ಆ ಮಳೆಗಾಲದ ಮೊದಲಲ್ಲಿ ಗುರುಗಳ ಕಾಲು ಹಿಡಿದು ಕೇಳಿದ:

"ನನಗೆ ಸಂನ್ಯಾಸ ಕೊಡಿ."

"ಕಟ್ಟಳೆ ತಿಳಿದಿದೆಯೇ?"

"ತಿಳಿದಿದೆ. ನನ್ನ ಶ್ರಾದ್ಧವನ್ನು ನಾನೇ ಮಾಡಿಕೊಳ್ಳಬೇಕು."

"ಅದಕ್ಕೂ ಮೊದಲಿನದು?"

ವಾಮದೇವ ತಲೆ ತಗ್ಗಿಸಿದ. ಆ ಆಶ್ರಮದಲ್ಲಿ ಹೆಂಡತಿಯುಳ್ಳವನಿಗೆ ಸಂನ್ಯಾಸ ಕೊಡಬೇಕಾದರೆ ಅವಳು ಬಂದು, ಗುರುವಿನ ಎದುರು ನಿಂತು, ತನ್ನ ಬಾಯಿಂದಲೇ ಒಪ್ಪಿಗೆ ಹೇಳಬೇಕಿತ್ತು.

"ಹೇಳಿ ಕಳಿಸುತ್ತೇನೆ," ಎಂದ. "ಅವಳು ಬೇಡವೆನ್ನುವವಳಲ್ಲ. ಯಾವುದಕ್ಕೂ ಬೇಡವೆಂದವಳಲ್ಲ."

ಶ್ರಾವಣ ಕಳೆದ ಮೇಲೆ ಅವನ ಹೆಂಡತಿ ಸರ್ವಮಂಗಳೆ ಬಂದಳು. ಜೊತೆಗೆ ಬಂದ ತಮ್ಮನನ್ನು ದೋಣಿಯಲ್ಲಿಯೇ ಕೂರಿಸಿ ಒಬ್ಬಳೇ ದಂಡೆ ಹತ್ತಿದಳು. ಗುರುಗಳಿಗೆ ನಮಸ್ಕರಿಸಿದಳು.

"ದಾರಿಯಲ್ಲಿ ಕಷ್ಟವಾಯಿತೇ, ತಾಯಿ?"

"ಇಲ್ಲ ಸ್ವಾಮಿ. ತಂದದ್ದು ಒಂದೇ ಮಾತು. ಅದೇನು ಭಾರವೇ?"

"ಯಾವ ಮಾತು?"

"ಆಗಲಿ ಎಂಬ ಮಾತು. ಮುಖ ನೋಡಿ ಹೇಳಿಬಿಡುತ್ತೇನೆ. ಎಲ್ಲಿದ್ದಾರೆ?"

ಗುರುಗಳು ಹಿತ್ತಿಲ ಕಡೆ ಕೈ ತೋರಿದರು.

ವಾಮದೇವ ಕೊಳದ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ಹೆಜ್ಜೆಯ ಸದ್ದು ಕೇಳಿ ತಿರುಗಿದ. ಹೆಂಡತಿಯನ್ನು ಕಂಡ. ತುಟಿಯ ಮೇಲೆ ಬೆರಳಿಟ್ಟ.

"ಶ್! ಅಲ್ಲಿಯೇ ನಿಲ್ಲು. ಕೊಕ್ಕರೆ ಇಳಿದಿದೆ. ಹೊಸಬರನ್ನು ಕಂಡರೆ ಅದಕ್ಕೆ ಹೆದರಿಕೆ."

ಏಳು ವರ್ಷದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

ಅವಳು ನಿಂತಳು. ಕೊಕ್ಕರೆ ಒಂದು ಕಾಲು ಎತ್ತಿತು, ಮರೆತಂತೆ ಹಾಗೆಯೇ ಇಟ್ಟುಕೊಂಡಿತು. ಕತ್ತು ಬಾಗಿತು. ನೀರು ಒಮ್ಮೆ ನಡುಗಿತು. ಕೊಕ್ಕಿನಲ್ಲಿ ಬೆಳ್ಳಿಯಂಥದೊಂದು ಹೊಳೆದು ಮರೆಯಾಯಿತು. ಹಕ್ಕಿ ನಿಧಾನವಾಗಿ ಎದ್ದು ಹಾರಿತು.

"ಬಾ, ಬಾ, ಕುಳಿತುಕೋ," ಎಂದ ವಾಮದೇವ. "ಆಗಿನಿಂದ ನಿಂತೇ ಇದ್ದೀಯಲ್ಲ."

"ನಿಲ್ಲು ಎಂದಿರಲ್ಲ."

ಅವಳು ಕುಳಿತಳು. ಅವನು ಒಂದೊಂದಾಗಿ ತೋರಿಸತೊಡಗಿದ. ಕಪ್ಪೆಯ ಮೊಟ್ಟೆ ಆಪಿಗೆ ಅಂಟಿಕೊಂಡಿದ್ದ ಜಾಗ. ಗೊದಮೊಟ್ಟೆಗಳು ಬಿಸಿಲು ಕಾಯಲು ಗುಂಪು ಸೇರುವ ಮೂಲೆ. ನಡುಹಗಲಿನಲ್ಲಿ ಮಾತ್ರ ಬಾಯಿ ಬಿಡುವ ನೈದಿಲೆ. ಯಾವ ಕಲ್ಲಿನ ಕೆಳಗೆ ಆಮೆ ಮಲಗುತ್ತದೆ, ಮಳೆಯ ಮುನ್ನಾ ದಿನ ಯಾವ ಕಪ್ಪೆ ಮೊದಲು ಕೂಗುತ್ತದೆ, ಎಲ್ಲವನ್ನೂ ಹೇಳಿದ. ಅಂಥ ದನಿಯಲ್ಲಿ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ಈ ಕಲ್ಲುಗಳನ್ನು ಹೀಗೇಕೆ ಇಳಿಜಾರಾಗಿ ಜೋಡಿಸಿದ್ದೀರಿ?"

"ಕಪ್ಪೆಯ ಮರಿಗಳು ಹತ್ತಬೇಕಲ್ಲ. ಅಂಚು ಕಡಿದಾಗಿದ್ದರೆ ಈಜಿ ಈಜಿ ಸೋತು ಮುಳುಗುತ್ತವೆ."

"ಕಪ್ಪೆಗೆ ಮೆಟ್ಟಿಲು."

"ಹೌದು," ಎಂದ ಅವನು ಹೆಮ್ಮೆಯಿಂದ.

"ನಮ್ಮ ಬಚ್ಚಲಿನ ಕಲ್ಲು ಅಲ್ಲಾಡುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದೆ. ಈಗಲೂ ಅಲ್ಲಾಡುತ್ತಿದೆ."

ಅವನು ಕೇಳಿಸಿಕೊಳ್ಳಲಿಲ್ಲ. ಆಪಿನ ಮರೆಯಲ್ಲಿ ನೀರುಕೋಳಿ ಕಾಣಿಸಿಕೊಂಡಿತ್ತು.

"ನೋಡು, ಅದೇ. ಈಚೆಗೆ ಅದರ ಮರಿಯನ್ನು ಮುಂಗುಸಿ ಹಿಡಿಯಿತು. ತಾಯಿ ಎರಡು ದಿನ ದಡದ ಮೇಲೆಯೇ ಓಡಾಡಿತು. ನನಗೆ ಅನ್ನ ಸೇರಲಿಲ್ಲ."

"ಅನ್ನ ಸೇರಲಿಲ್ಲವೇ?"

"ಹೇಗೆ ಸೇರುತ್ತದೆ? ಅತ್ತುಬಿಟ್ಟೆ."

ಸರ್ವಮಂಗಳೆ ನೀರನ್ನು ನೋಡುತ್ತ ಕುಳಿತಳು. ಆಮೇಲೆ ಎದ್ದು ಸೆರಗಿನ ಮಣ್ಣು ಕೊಡವಿಕೊಂಡಳು.

"ಚೆನ್ನಾಗಿದೆ ಕೊಳ," ಎಂದಳು.

ಅವಳು ಜಗುಲಿಗೆ ಹೋದಳು. ವಾಮದೇವ ಹಿಂದೆಯೇ ಬಂದು, ಕೈಕಟ್ಟಿ ನಿಂತು, ಒಪ್ಪಿಗೆಗಾಗಿ ಕಾದ.

"ಸ್ವಾಮಿ, ತಂದ ಮಾತನ್ನು ಹಿಂದಕ್ಕೆ ಒಯ್ಯುತ್ತೇನೆ."

ವಾಮದೇವನ ಮುಖ ಬಿಳಿಚಿತು.

"ಕಾರಣ ಹೇಳಬಹುದೇ, ತಾಯಿ?" ಎಂದರು ಗುರುಗಳು.

"ಹೇಳುತ್ತೇನೆ. ನಮಗೊಂದು ಹಸುಗೂಸು ಇತ್ತು. ಜ್ವರದಲ್ಲಿ ಬೆಂದು ನನ್ನ ಮಡಿಲಿನಲ್ಲಿ ಹೋಯಿತು. ಇವರು ಪಡಸಾಲೆಯಲ್ಲಿ ಜಪಕ್ಕೆ ಕುಳಿತಿದ್ದರು. ಹೋಗಿ ಹೇಳಿದೆ. ಕಣ್ಣು ತೆರೆಯದೆ, 'ಯಾರಿಗೆ ಯಾರು' ಎಂದರು. ನನಗೆ ಸಿಟ್ಟು ಬರಲಿಲ್ಲ ಸ್ವಾಮಿ. ಇವರು ದೊಡ್ಡವರು, ಇವರ ಮನಸ್ಸು ಲೋಕಕ್ಕೆ ಅಂಟುವಂಥದ್ದಲ್ಲ ಎಂದುಕೊಂಡೆ. ನಾನೇ ಸಣ್ಣವಳು ಎಂದುಕೊಂಡೆ. ಇವರು ಮನೆ ಬಿಟ್ಟಾಗಲೂ ಅದೇ ಸಮಾಧಾನ. ಇಷ್ಟು ವರ್ಷ ಅದನ್ನೇ ಉಂಡು ಬದುಕಿದೆ."

ಅವಳ ದನಿ ಏರಲಿಲ್ಲ.

"ಇವತ್ತು ಅದೂ ಹೋಯಿತು. ಇವರ ಮನಸ್ಸು ಅಂಟುತ್ತದೆ."

"ಇದು ಬೇರೆ, ಅದು ಬೇರೆ," ಎಂದ ವಾಮದೇವ. "ಈ ಜೀವಿಗಳು ನನ್ನಿಂದ ಏನನ್ನೂ ಕೇಳುವುದಿಲ್ಲ."

"ಹೌದು. ಅಕ್ಕಿ ತೀರಿತು ಎಂದು ಕೊಕ್ಕರೆ ಬಂದು ಹೇಳುವುದಿಲ್ಲ."

ಗುರುಗಳು ಕೇಳಿದರು, "ನೀನು ಒಪ್ಪದಿದ್ದರೆ ಇವನು ಮನೆಗೆ ಬರಬೇಕಾದೀತು. ಬೇಕೇ?"

"ಬೇಡ. ಬಂದರೆ ಬಾಗಿಲು ತೆರೆಯುವುದಿಲ್ಲ. ಇಲ್ಲಿಯೇ ಇರಲಿ, ಕೊಳ ನೋಡಿಕೊಂಡು ಸುಖವಾಗಿರಲಿ. ಆದರೆ ನನ್ನನ್ನು ತ್ಯಾಗ ಮಾಡಿದೆನೆಂದು ಕಾವಿ ಉಡುವುದಕ್ಕೆ ನನ್ನ ಬಾಯಿಂದ ಮಾತು ಬರುವುದಿಲ್ಲ. ಹಿಡಿದವನು ಬಿಟ್ಟರೆ ತ್ಯಾಗ. ಇವರು ನನ್ನನ್ನು ಹಿಡಿದದ್ದು ಯಾವಾಗ?"

ಅವಳು ಮೆಟ್ಟಿಲಿಳಿದವಳು ತಿರುಗಿದಳು.

"ನಿಮ್ಮನ್ನೂ ಒಂದು ಮಾತು ಕೇಳಬೇಕು, ಸ್ವಾಮಿ. ಮನೆ ಬಿಟ್ಟು ಬಂದವರನ್ನು ಒಳಗೆ ಸೇರಿಸಿಕೊಳ್ಳುವಾಗ, ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸುವುದಿಲ್ಲವೇ?"

"ವಿಚಾರಿಸಿದ್ದೆ."

"ಏನೆಂದರು?"

"ಒಂದು ಬಂಧನವಿದೆ ಎಂದ."

ಸರ್ವಮಂಗಳೆ ನಕ್ಕಳು.

"ಹಗ್ಗವಿದೆ ಎಂದಿದ್ದರೂ ಆಗುತ್ತಿತ್ತು. ಹಗ್ಗದಿಂದ ನೀರಾದರೂ ಸೇದಬಹುದು."

"ಆ ಮಾತು ಕೇಳಿ ಅವನನ್ನು ಮೆಚ್ಚಿದ್ದೆ, ತಾಯಿ. ಅದು ನನ್ನ ತಪ್ಪು."

"ತಪ್ಪು ಎಂದಿರಲ್ಲ," ಎಂದಳು. "ಇಷ್ಟು ವರ್ಷದಲ್ಲಿ ಒಬ್ಬರಾದರೂ ಎಂದರು."

ಅವಳು ದಂಡೆಯ ಕಡೆ ನಡೆದಳು.

ವಾಮದೇವ ಕಂಬ ಹಿಡಿದು ನಿಂತಿದ್ದ. "ಸಿಟ್ಟಿನಲ್ಲಿ ಆಡಿದಳು," ಎಂದ.

"ಸಿಟ್ಟಿನಲ್ಲಿ ಆಡಿದರೆ ನಿಜವು ಸುಳ್ಳಾಗುತ್ತದೆಯೇ?"

"ನಾನೇನು ಮಾಡಲಿ, ಗುರುಗಳೇ?"

"ದೋಣಿ ಇನ್ನೂ ಹೊರಟಿಲ್ಲ."

"ಹೋಗಿ ಏನು ಹೇಳಲಿ? ಬಾಗಿಲು ತೆರೆಯುವುದಿಲ್ಲ ಎಂದಳಲ್ಲ."

"ಬಾಗಿಲು ತೆರೆ ಎಂದು ಕೇಳಬೇಡ. ಮಗುವಿನ ಹೆಸರು ಹೇಳು."

ವಾಮದೇವ ಬಾಯಿ ತೆರೆದ. ಹೆಸರು ಅವನಿಗೆ ಮರೆತಿರಲಿಲ್ಲ; ಅದು ಮುಖದಲ್ಲಿ ಕಾಣುತ್ತಿತ್ತು. ಅಂಗಳದವರೆಗೆ ಹೋದ. ಅಲ್ಲಿ ನಿಂತ. ಕೆಳಗೆ ಸರ್ವಮಂಗಳೆಯ ತಮ್ಮ ಅವಳ ಕೈಹಿಡಿದು ದೋಣಿಗೆ ಹತ್ತಿಸಿಕೊಂಡ. ಹುಟ್ಟಿನ ಸದ್ದು ಕೇಳಿತು. ಆ ಸದ್ದು ದೂರವಾಗುವವರೆಗೂ ಅವನು ಅಂಗಳದಲ್ಲಿಯೇ ನಿಂತಿದ್ದ.

ಆಮೇಲೆ ಒಳಗೆ ಬಂದು ಗುದ್ದಲಿ ತೆಗೆದುಕೊಂಡ.

ಗುರುಗಳು ಸಂಜೆಯ ಸ್ನಾನಕ್ಕೆ ನದಿಗೆ ಇಳಿದಿದ್ದರು. ಹಿಂದಿರುಗುವಾಗ ಹಿತ್ತಿಲ ಕಡೆಯಿಂದ ಹಕ್ಕಿಗಳ ಕೂಗು ಕೇಳಿಸಿತು. ವಾಮದೇವ ಎದುರಿಗೆ ಬಂದ. ಮೊಣಕಾಲಿನವರೆಗೆ ಕೆಸರು. ಕಣ್ಣಿನಲ್ಲಿ ಒಂದು ಬಗೆಯ ಹೊಳಪು.

"ಗುರುಗಳೇ, ನನ್ನ ಅಂಟು ಎಲ್ಲಿದೆಯೆಂದು ಅವಳು ತೋರಿಸಿಕೊಟ್ಟಳು. ಒಳ್ಳೆಯದೇ ಮಾಡಿದಳು. ಕೊಳದ ಏರಿಯನ್ನು ಕಡಿದುಬಿಟ್ಟೆ."

ಗುರುಗಳು ಅವನನ್ನು ದಾಟಿ ಹಿತ್ತಿಲಿಗೆ ನಡೆದರು.

ನೀರು ಇಳಿಜಾರಿನಲ್ಲಿ ಹರಿದು ಮರಳಿನಲ್ಲಿ ಇಂಗಿಹೋಗಿತ್ತು. ನೈದಿಲೆಯ ದಂಟುಗಳು ಕೆಸರಿನ ಮೇಲೆ ಮಲಗಿದ್ದವು. ಗೊದಮೊಟ್ಟೆಗಳು ಕಪ್ಪು ಕಾಳಿನ ರಾಶಿಯಂತೆ ಒಂದು ಮೂಲೆಯಲ್ಲಿ ಮಿಸುಕುತ್ತಿದ್ದವು. ನೀರುಕೋಳಿ ಅಂಚಿನ ಮೇಲೆ ಓಡಿತು, ತಿರುಗಿತು, ಮತ್ತೆ ಓಡಿತು. ಕೆಸರಿನಲ್ಲೆಲ್ಲ ಮೀನುಗಳು ಬಾಲ ಬಡಿಯುತ್ತಿದ್ದವು.

ಗುರುಗಳು ಕಾವಿಯನ್ನು ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಮಂಡಿಯೂರಿದರು. ಒಂದೊಂದು ಮೀನನ್ನೂ ಬೊಗಸೆಯಲ್ಲಿ ಎತ್ತಿ, ನದಿಯ ನೀರಿದ್ದ ತಮ್ಮ ಕಮಂಡಲುವಿಗೆ ಹಾಕತೊಡಗಿದರು. ಕೆಲವು ಜಾರಿ ಬಿದ್ದವು. ಕೆಲವನ್ನು ಎತ್ತುವ ಹೊತ್ತಿಗೆ ಅವು ಬಾಲ ಬಡಿಯುವುದನ್ನು ನಿಲ್ಲಿಸಿದ್ದವು.

ವಾಮದೇವ ದಡದ ಮೇಲೆ ನಿಂತು ಹೇಳಿದ:

"ಮನೆಯನ್ನು ಬಿಟ್ಟೆ. ಪ್ರೀತಿಸಿದ್ದು ಇದೊಂದೇ, ಇದನ್ನೂ ಬಿಟ್ಟೆ. ಈಗ ನನ್ನಲ್ಲಿ ಏನೂ ಉಳಿದಿಲ್ಲ. ಈಗಲಾದರೂ ನಾನು ಯೋಗ್ಯನಲ್ಲವೇ?"

ಗುರುಗಳು ತಲೆ ಎತ್ತಲಿಲ್ಲ.

"ಅವಳಿಗೆ ಕಾಲಿದ್ದವು, ವಾಮದೇವ. ನಡೆದು ಹೋದಳು. ಈ ಮೀನುಗಳು ಏನು ಮಾಡಬೇಕು?"